ಹೊಗೆ ಚೀಟಿ, ಎಫ್‌ಸಿ ಮತ್ತು ದೇವಿಮನೆ ಘಟ್ಟ

ಅಪ್ಪನ ಕಾರಿನ ಆರ್‌ಸಿ ಕಾರ್ಡನ್ನು ನಾನು ಸರಿಯಾಗಿ ಓದಿದ್ದು 2024ರ ಚೌತಿಗೆ ಶಿರಸಿಗೆ ಹೊರಟ ದಿನ. ಕಾರವಾರದ ಮನೆಯಲ್ಲಿ ಬೆಳಿಗ್ಗೆ ಬೇಗ ಎದ್ದು ಕಾಗದಪತ್ರ ಜೋಡಿಸುತ್ತಿದ್ದೆ. ವಿಮೆ ಇತ್ತು. ಹೊಗೆ ತಪಾಸಣೆಯ ಚೀಟಿ ಇತ್ತು. ಆರ್‌ಸಿಯಲ್ಲಿ ಮಾತ್ರ ನೋಂದಣಿಯ ಅವಧಿ ನವೆಂಬರ್ 2024ಕ್ಕೆ ಮುಗಿಯುತ್ತದೆ ಎಂದು ಬರೆದಿತ್ತು. 2009ರಲ್ಲಿ ಶಿರಸಿಯಲ್ಲಿ ಕೊಂಡ ಕಾರು ಅದು, ಕೆಎ-31. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ನಾನು ಕಾರವಾರಕ್ಕೆ ತಂದೆ. ಸಮುದ್ರದಿಂದ ನಮ್ಮ ಮನೆಗೆ ಹತ್ತು ನಿಮಿಷದ ನಡಿಗೆ. ಎಂಟು ವರ್ಷ ಆ ಗಾಳಿಯಲ್ಲೇ ನಿಂತಿದೆ.

ನೋಂದಣಿ ಮುಂದುವರಿಸಲು ಕಾರಿಗೆ ಎಫ್‌ಸಿ, ಅಂದರೆ ಗಾಡಿ ರಸ್ತೆಗೆ ಯೋಗ್ಯವೇ ಎಂಬ ತಪಾಸಣೆ, ಮಾಡಿಸಬೇಕೇನೋ ಎಂದು ಅಪ್ಪನಿಗೆ ಫೋನ್ ಮಾಡಿದೆ. "ಎಫ್‌ಸಿ ಲಾರಿ, ಬಸ್ಸಿಗೆ ಅಲ್ವಾ ಮಗಾ? ನಮ್ಮ ಸ್ವಂತ ಕಾರಿಗೆ ಯಾಕೆ?" ಎಂದರು. ಶಾಲೆಯ ಸ್ಟಾಫ್ ರೂಮಿನಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. "ಎಮಿಷನ್ ಮಾಡಿಸಿದರೆ ಆಯ್ತು" ಎಂದರು ಒಬ್ಬರು. "ಹದಿನೈದು ವರ್ಷ ಆದ್ಮೇಲೆ ಗುಜರಿಗೇ ಹಾಕಬೇಕಂತೆ" ಎಂದರು ಇನ್ನೊಬ್ಬರು. ಎರಡೂ ಸರಿಯಲ್ಲ. ನಾನು ವಿಜ್ಞಾನ ಕಲಿಸುವವಳು. ಆ ತಿಂಗಳು ಕಾರಿನ ಹಿಂದೆ ಓಡಾಡುವಾಗ ಕಲಿತದ್ದನ್ನೆಲ್ಲ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲಿಗೆ, ಇವು ಎರಡು ಬೇರೆ ಬೇರೆ ಕಾಗದಗಳು. ಒಂದು ಸೈಲೆನ್ಸರ್‌ನಿಂದ ಬರುವ ಹೊಗೆಯನ್ನು ಮಾತ್ರ ನೋಡುತ್ತದೆ. ನಾವು ಎಮಿಷನ್ ಟೆಸ್ಟ್ ಅಂತೀವಿ, ಸರ್ಕಾರಿ ಭಾಷೆಯಲ್ಲಿ ಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ, ಪಿಯುಸಿ. ಇನ್ನೊಂದು ಇಡೀ ವಾಹನ ರಸ್ತೆಗೆ ಇಳಿಯಲು ಯೋಗ್ಯವೇ ಎಂದು ನೋಡುತ್ತದೆ. ಅದು ಫಿಟ್‌ನೆಸ್ ಸರ್ಟಿಫಿಕೇಟ್, ಎಲ್ಲರ ಬಾಯಲ್ಲಿ ಎಫ್‌ಸಿ. ಹೊಗೆ ಪರೀಕ್ಷೆ ಮಾಡುವವರು ಬ್ರೇಕ್ ಮುಟ್ಟುವುದಿಲ್ಲ. ಹೊಗೆ ಚೀಟಿ ಚಾಲ್ತಿಯಲ್ಲಿದೆ ಅಂದ ಮಾತ್ರಕ್ಕೆ ಗಾಡಿ ಗಟ್ಟಿಯಿದೆ ಎಂದು ಅರ್ಥವಲ್ಲ.

ಹೊಗೆ ಚೀಟಿ ಎಲ್ಲರಿಗೂ ಬೇಕು. ಬೈಕು, ಕಾರು, ರಿಕ್ಷಾ, ಟೆಂಪೋ, ಲಾರಿ, ಯಾವುದಕ್ಕೂ ವಿನಾಯಿತಿ ಇಲ್ಲ. ಬ್ಯಾಟರಿ ವಾಹನಕ್ಕೆ ಮಾತ್ರ ಬೇಡ, ಅದಕ್ಕೆ ಹೊಗೆಯೇ ಇಲ್ಲವಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೇ ನಿಯಮದಲ್ಲಿ ಇದೆಲ್ಲ ಇದೆ. ಹೊಸ ಗಾಡಿಗೆ ನೋಂದಣಿಯಾದ ದಿನದಿಂದ ಒಂದು ವರ್ಷ ಬೇಕಿಲ್ಲ. ಆಮೇಲೆ ಬಿಎಸ್-4 ಮತ್ತು ಬಿಎಸ್-6 (ಬಿಎಸ್ ಅಂದರೆ ಭಾರತ್ ಸ್ಟೇಜ್, ಗಾಡಿಯ ಹೊಗೆಗೆ ಸರ್ಕಾರ ಹಾಕಿದ ಮಟ್ಟ) ಗಾಡಿಗಳಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯವಕ್ಕೆ ಆರು ತಿಂಗಳಿಗೊಮ್ಮೆ. ದೇಶಕ್ಕೆಲ್ಲ ಬಿಎಸ್-4 ಬಂದದ್ದು 2017ರ ಏಪ್ರಿಲ್ 1ಕ್ಕೆ, ಬಿಎಸ್-6 ಬಂದದ್ದು 2020ರ ಏಪ್ರಿಲ್ 1ಕ್ಕೆ. ಹೊಸ ಗಾಡಿಗೆ ಹೊಗೆ ಪರೀಕ್ಷೆ ಬೇಡ ಎಂದು ತುಂಬಾ ಜನ ನಂಬಿದ್ದಾರೆ. ಬಿಎಸ್-6 ಆದರೂ ಒಂದು ವರ್ಷ ಕಳೆದ ಮೇಲೆ ಬೇಕು. ಚೀಟಿ ಇಲ್ಲದೆ ಅಥವಾ ಮಿತಿ ಮೀರಿ ಹೊಗೆ ಉಗುಳುತ್ತ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಲ್ಲಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸಜೆ ಹಾಕಲು ಅವಕಾಶ ಇದೆ.

ಈಗ ಆ ಪರೀಕ್ಷೆಯಲ್ಲಿ ಏನು ಅಳೆಯುತ್ತಾರೆ ನೋಡೋಣ. ಪೆಟ್ರೋಲ್ ಗಾಡಿಯನ್ನು ಚಾಲೂ ಇಟ್ಟು, ಆಕ್ಸಿಲರೇಟರ್ ಒತ್ತದೆ, ಸೈಲೆನ್ಸರ್ ಒಳಗೆ ಒಂದು ಕೊಳವೆ ತೂರಿಸುತ್ತಾರೆ. ಯಂತ್ರ ಮುಖ್ಯವಾಗಿ ಎರಡು ಲೆಕ್ಕ ಕೊಡುತ್ತದೆ. ಒಂದು ಕಾರ್ಬನ್ ಮೊನಾಕ್ಸೈಡ್, ನೂರರಲ್ಲಿ ಎಷ್ಟು ಭಾಗ ಎಂದು. ಇನ್ನೊಂದು ಹೈಡ್ರೋಕಾರ್ಬನ್, ಅಂದರೆ ಉರಿಯದೆ ಹಾಗೇ ಹೊರಬಿದ್ದ ಪೆಟ್ರೋಲಿನ ಅಂಶ, ಹತ್ತು ಲಕ್ಷದಲ್ಲಿ ಎಷ್ಟು ಭಾಗ ಎಂದು. ಬಿಎಸ್-4 ಪೆಟ್ರೋಲ್ ಕಾರಿಗೆ ಮೊದಲನೆಯದರ ಮಿತಿ ಶೇಕಡಾ 0.3, ಎರಡನೆಯದರ ಮಿತಿ 200. ನಮ್ಮ ಕಾರಿನಂಥ ಬಿಎಸ್-2, ಬಿಎಸ್-3 ಕಾರುಗಳಿಗೆ 0.5 ಮತ್ತು 750.

ಈ ಎರಡೇ ಯಾಕೆ? ಸೌದೆ ಒಲೆಯನ್ನು ನೆನೆಸಿಕೊಳ್ಳಿ. ಒಣ ಸೌದೆ, ಸರಿಯಾದ ಗಾಳಿ ಇದ್ದರೆ ಉರಿ ಚೆನ್ನಾಗಿರುತ್ತದೆ. ಸೌದೆ ಜಾಸ್ತಿ ತುರುಕಿ ಗಾಳಿ ಕಟ್ಟಿದರೆ ಹೊಗೆ ಏಳುತ್ತದೆ. ಇಂಜಿನ್ನಿನಲ್ಲೂ ಅಷ್ಟೇ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಇಂಗಾಲ ಅರ್ಧಂಬರ್ಧ ಉರಿದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಗಾಡಿ ಚಾಲೂ ಇಡಬೇಡಿ ಎನ್ನುವುದು ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಬಾಗಿಲು ಹಾಕಿಕೊಂಡು ಬ್ಯಾಟರಿ ಚಾರ್ಜ್ ಆಗಲಿ ಎಂದು ಇಂಜಿನ್ ಬಿಡುವವರು ನಮ್ಮ ಕೇರಿಯಲ್ಲೇ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಪೆಟ್ರೋಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಒಂದು ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಒಳಗೆ ಜೇನುಗೂಡಿನಂಥ ರಚನೆ, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಅರ್ಧ ಉರಿದದ್ದನ್ನು ಅದು ಪೂರ್ತಿ ಉರಿಸಿ ಕಳಿಸುತ್ತದೆ. ಆದರೆ ಬಿಸಿ ಆದ ಮೇಲೆ ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ತಣ್ಣಗಿನ ಗಾಡಿಯನ್ನು ಪರೀಕ್ಷೆಗೆ ಒಯ್ಯಬಾರದು. ಒಂದು ಹತ್ತು ಹದಿನೈದು ನಿಮಿಷ ಓಡಿಸಿ ನೇರವಾಗಿ ಹೋಗಿ ನಿಲ್ಲಿಸಬೇಕು.

ಡೀಸೆಲ್ ಗಾಡಿಯ ಪರೀಕ್ಷೆ ಬೇರೆ. ಅಲ್ಲಿ ಕಣ್ಣಿಗೆ ಕಾಣುವ ಕಪ್ಪು ಹೊಗೆಯೇ ಮುಖ್ಯ. ಇಂಜಿನ್ ಬಿಸಿ ಮಾಡಿ, ಗೇರ್ ನ್ಯೂಟ್ರಲ್ಲಿನಲ್ಲಿಟ್ಟು, ಆಕ್ಸಿಲರೇಟರನ್ನು ಒಮ್ಮೆಲೇ ಪೂರ್ತಿ ಒತ್ತಿ ಬಿಡುತ್ತಾರೆ. ಹೀಗೆ ಹಲವು ಸಲ. ಬಂದ ಹೊಗೆಯ ಮೂಲಕ ಬೆಳಕು ಹಾಯಿಸಿ ಎಷ್ಟು ತಡೆಯಿತು ಎಂದು ಯಂತ್ರ ಅಳೆಯುತ್ತದೆ. ಬಿಎಸ್-4ಕ್ಕಿಂತ ಹಳೆಯ ಡೀಸೆಲ್ ಗಾಡಿಯ ಮಿತಿ 2.45. ಅಂದರೆ ಯಂತ್ರದೊಳಗಿನ ಹೊಗೆ ನೂರು ಪಾಲು ಬೆಳಕಿನಲ್ಲಿ ಸುಮಾರು 65 ಪಾಲನ್ನು ತಡೆಯುವವರೆಗೆ ಪಾಸು. ಬಿಎಸ್-4ಕ್ಕೆ ಅದು 1.62, ಅಂದರೆ ಸುಮಾರು ಅರ್ಧ ಬೆಳಕು. ಹಳೆಯ ಗಾಡಿಗೆ ಎಷ್ಟು ಸಡಿಲ ಬಿಟ್ಟಿದ್ದಾರೆ ನೋಡಿ. ಅದನ್ನೂ ದಾಟುವ ಲಾರಿಯ ಹಿಂದೆ ಘಟ್ಟದಲ್ಲಿ ಬೈಕಿನ ಮೇಲೆ ಹೋಗುವವರ ಪಾಡು ಏನು ಅಂತ ಯೋಚಿಸಿ.

ಹೊಗೆಯ ಬಣ್ಣ ನೋಡಿದರೇ ಗಾಡಿಯ ಕಾಯಿಲೆ ಅರ್ಧ ಗೊತ್ತಾಗುತ್ತದೆ. ಕಪ್ಪು ಹೊಗೆ ಬಂದರೆ ಎಣ್ಣೆ (ಪೆಟ್ರೋಲ್, ಡೀಸೆಲ್) ಜಾಸ್ತಿ, ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿದೆಯೋ, ಇಂಜೆಕ್ಟರ್ ಸೋರುತ್ತಿದೆಯೋ ನೋಡಬೇಕು. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ಪಿಸ್ಟನ್ ರಿಂಗ್ ಸವೆದಿರಬಹುದು. ಬೆಳ್ಳಗಿನ ಹೊಗೆ ಬೆಳಿಗ್ಗೆ ಸ್ವಲ್ಪ ಹೊತ್ತು ಬಂದು ನಿಂತರೆ ಅದು ನೀರಾವಿ, ಚಿಂತೆ ಇಲ್ಲ. ಬಿಸಿಯಾದ ಮೇಲೂ ಬರುತ್ತಿದ್ದರೆ ರೇಡಿಯೇಟರ್ ನೀರು ಎಲ್ಲಿ ಹೋಗುತ್ತಿದೆ ಎಂದು ಹುಡುಕಬೇಕು.

ನಮ್ಮ ಕಾರು ಆ ಸಲ ಮೊದಲು ಫೇಲ್ ಆಯಿತು. ಕಾರ್ಬನ್ ಮೊನಾಕ್ಸೈಡ್ 1.2 ಬಂತು, ಮಿತಿಯ ಎರಡು ಪಟ್ಟಿಗೂ ಜಾಸ್ತಿ. ಹಾಗಾದರೆ ನನ್ನ ಕೈಯಲ್ಲಿದ್ದ ಚಾಲ್ತಿ ಚೀಟಿ? ಅದಕ್ಕೊಂದು ಕಥೆ ಇದೆ. ಆರು ತಿಂಗಳ ಹಿಂದೆ ಹೆದ್ದಾರಿ ಪಕ್ಕದ ಒಂದು ಕಡೆ ಮಾಡಿಸಿದ್ದೆ. ಅಲ್ಲಿ ಕೊಳವೆಯನ್ನು ಸೈಲೆನ್ಸರ್‌ಗೆ ತೂರಿಸಲೇ ಇಲ್ಲ. ನಂಬರ್ ಪ್ಲೇಟಿನ ಫೋಟೋ ತೆಗೆದರು, ದುಡ್ಡು ತೆಗೆದುಕೊಂಡರು, ಎರಡು ನಿಮಿಷದಲ್ಲಿ ಚೀಟಿ ಕೊಟ್ಟರು. ನಾನೂ ಶಾಲೆಗೆ ತಡವಾಯಿತೆಂದು ಸುಮ್ನೆ ಬಂದೆ. ಕೇಳಬೇಕಿತ್ತು. ಆ ಆರು ತಿಂಗಳು ನನ್ನ ಕಾರಿನ ಹಿಂದೆ ನಡೆದ ಮಕ್ಕಳು ಆ ಹೊಗೆ ಕುಡಿದಿದ್ದಾರೆ. ಇದು ನನಗೆ ಈಗಲೂ ಬೇಸರದ ವಿಷಯ.

2021ರಿಂದ ದೇಶಕ್ಕೆಲ್ಲ ಒಂದೇ ಮಾದರಿಯ ಚೀಟಿ ಬಂದಿದೆ. ಅದರಲ್ಲಿ ಕ್ಯೂಆರ್ ಕೋಡ್ ಇರುತ್ತದೆ, ಮಾಲೀಕರ ಮೊಬೈಲ್ ನಂಬರ್ ಕೊಡುವುದು ಕಡ್ಡಾಯ, ವಿವರ ನೇರವಾಗಿ ಸರ್ಕಾರದ ವಾಹನ್ ತಂತ್ರಾಂಶಕ್ಕೆ ಹೋಗುತ್ತದೆ. ಫೇಲ್ ಆದರೆ ಕಾರಣ ಬರೆದ ತಿರಸ್ಕಾರದ ಚೀಟಿ ಕೊಡಬೇಕು. ಅದನ್ನು ಹಿಡಿದು ಗ್ಯಾರೇಜಿಗೆ ಹೋಗಬಹುದು. ನಾನೂ ಹಾಗೇ ಹೋದೆ. ಏರ್ ಫಿಲ್ಟರ್ ಬಿಚ್ಚಿದರೆ ಕೆಂಪು ಧೂಳಿನ ಗೋಣಿಚೀಲದಂತಿತ್ತು. ಫಿಲ್ಟರ್ ಬದಲಿಸಿ, ಪ್ಲಗ್ ಹೊಸದು ಹಾಕಿ, ಥ್ರಾಟಲ್ ಸ್ವಚ್ಛ ಮಾಡಿದರು. ಮತ್ತೆ ಅಳೆದಾಗ 0.3. ಮೈಲೇಜ್ ಕೂಡ ಸುಧಾರಿಸಿತು. ಉರಿಯದೆ ಹೊರಹೋಗುವ ಪೆಟ್ರೋಲ್ ನಮ್ಮದೇ ದುಡ್ಡಿನದು ಅಲ್ವಾ.

ವಿಮೆಯ ಬಗ್ಗೆ ಒಂದು ಮಾತು. ಹೊಗೆ ಚೀಟಿ ಇಲ್ಲದೆ ವಿಮೆ ನವೀಕರಿಸಬಾರದು ಎಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2024ರ ಜುಲೈನಲ್ಲಿ ಅದೇ ಕೋರ್ಟ್ ಆ ಷರತ್ತನ್ನು ತೆಗೆಯಿತು. ವಿಮೆ ಇಲ್ಲದ ಗಾಡಿಗಳು ಹೆಚ್ಚಾದರೆ ಅಪಘಾತಕ್ಕೆ ಸಿಕ್ಕವರಿಗೆ ಪರಿಹಾರ ಸಿಗುವುದಿಲ್ಲ ಎಂಬ ಚಿಂತೆ ಅದಕ್ಕೆ ಕಾರಣ. ಹೊಗೆ ಚೀಟಿಯ ಕಡ್ಡಾಯ ಮಾತ್ರ ಹಾಗೇ ಇದೆ.

ಈಗ ಎಫ್‌ಸಿ. ಇಲ್ಲಿ ನಂಬರ್ ಪ್ಲೇಟಿನ ಬಣ್ಣ ಮುಖ್ಯ. ಹಳದಿ ಬೋರ್ಡ್ ಅಂದರೆ ಬಾಡಿಗೆ ಅಥವಾ ಸಾರಿಗೆ ವಾಹನ: ಅಂಕೋಲಾ-ಕಾರವಾರ ನಡುವೆ ಓಡುವ ಟೆಂಪೋ, ರಿಕ್ಷಾ, ಟ್ಯಾಕ್ಸಿ, ಬೈತಖೋಲ್ ಬಂದರಿನಿಂದ ಮೀನು ಒಯ್ಯುವ ಲಾರಿ, ಶಿರಸಿಯಿಂದ ಅಡಿಕೆ ತುಂಬಿಕೊಂಡು ಹೊರಡುವ ಲಾರಿ. ಇವಕ್ಕೆ ಕಾಯ್ದೆಯ 56ನೇ ಕಲಮಿನ ಪ್ರಕಾರ ಎಫ್‌ಸಿ ಬೇಕೇ ಬೇಕು. ಹೊಸ ವಾಹನಕ್ಕೆ ಎರಡು ವರ್ಷಕ್ಕೆ ಕೊಡುತ್ತಾರೆ. ಆಮೇಲೆ ವಾಹನಕ್ಕೆ ಎಂಟು ವರ್ಷ ಆಗುವವರೆಗೆ ಎರಡು ವರ್ಷಕ್ಕೊಮ್ಮೆ, ಎಂಟು ದಾಟಿದ ಮೇಲೆ ಪ್ರತಿ ವರ್ಷ. ಎಫ್‌ಸಿ ಮುಗಿದ ದಿನದಿಂದ ಆ ವಾಹನ ಕಾನೂನಿನ ಕಣ್ಣಲ್ಲಿ ನೋಂದಣಿಯೇ ಇಲ್ಲದ ವಾಹನಕ್ಕೆ ಸಮ. ತಡವಾದರೆ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕ ಏರುತ್ತ ಹೋಗುತ್ತದೆ. ಅಪಘಾತವಾದರೆ ವಿಮಾ ಕಂಪನಿ ಮೊದಲು ತಕರಾರು ತೆಗೆಯುವುದೂ ಇಲ್ಲಿಯೇ.

ಬಿಳಿ ಬೋರ್ಡಿನ ಸ್ವಂತ ವಾಹನದ ಲೆಕ್ಕ ಬೇರೆ. ಕೊಂಡಾಗ ಆದ ನೋಂದಣಿಯೇ 15 ವರ್ಷಕ್ಕೆ ಫಿಟ್‌ನೆಸ್ ಕೂಡ. 15 ವರ್ಷ ಮುಗಿದಾಗ ಆರ್‌ಟಿಒ ಕಚೇರಿಯಲ್ಲಿ ವಾಹನ ತೋರಿಸಿ, ತಪಾಸಣೆ ಮಾಡಿಸಿ, ನೋಂದಣಿ ನವೀಕರಿಸಬೇಕು. ಅದು ಐದು ವರ್ಷಕ್ಕೆ ಸಿಗುತ್ತದೆ. ಆಮೇಲೆ ಮತ್ತೆ ಐದು ವರ್ಷಕ್ಕೊಮ್ಮೆ. ಅವಧಿ ಮುಗಿಯುವ 60 ದಿನ ಮುಂಚಿನಿಂದ ನಮೂನೆ 25ರಲ್ಲಿ ಅರ್ಜಿ ಹಾಕಬಹುದು. ಅಂದರೆ ಅಪ್ಪನಿಗೆ ಉತ್ತರ ಇದು: ನಮ್ಮ ಕಾರಿಗೂ ಬೇಕು, ಆದರೆ ಹದಿನೈದು ವರ್ಷ ಆದ ಮೇಲೆ.

ಗುಜರಿಯ ಗಾಬರಿ ದಿಲ್ಲಿಯಿಂದ ಬಂದದ್ದು. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ ಮತ್ತು ಸುಪ್ರೀಂ ಕೋರ್ಟಿನ ಆದೇಶಗಳಿಂದ ನಿರ್ಬಂಧ ಬಂತು. ಅದು ದಿಲ್ಲಿ ಸುತ್ತಲಿನ ಪ್ರದೇಶಕ್ಕೆ. ನಮ್ಮಲ್ಲಿ ತಪಾಸಣೆಯಲ್ಲಿ ಪಾಸಾದ ಸ್ವಂತ ವಾಹನವನ್ನು ವಯಸ್ಸಿನ ಕಾರಣಕ್ಕೆ ಯಾರೂ ಕಸಿದುಕೊಳ್ಳುವುದಿಲ್ಲ. ಸರ್ಕಾರಿ ವಾಹನಗಳಿಗೆ ಮಾತ್ರ 2023ರ ಏಪ್ರಿಲ್ 1ರಿಂದ 15 ವರ್ಷವೇ ಕೊನೆ, ಸಾರಿಗೆ ನಿಗಮಗಳ ಬಸ್ಸುಗಳೂ ಅದರಲ್ಲಿ ಸೇರಿವೆ. ಆದರೆ ಹಳೆಯ ಗಾಡಿ ಇಟ್ಟುಕೊಳ್ಳುವುದು ದುಬಾರಿಯಾಗಿದೆ. 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ ಮೊದಲು 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು, ಬೈಕಿಗೆ 1,000. 20 ವರ್ಷ ದಾಟಿದವಕ್ಕೆ 2025ರಲ್ಲಿ ಇದನ್ನೂ ಎರಡು ಪಟ್ಟು ಮಾಡಿದರು. ಇದರ ಮೇಲೆ ಹಸಿರು ತೆರಿಗೆ ಬೇರೆ. ಶುಲ್ಕ ಆಗಾಗ ಬದಲಾಗುತ್ತದೆ, ಹಾಗಾಗಿ ಹೋಗುವ ಮುಂಚೆ ಪರಿವಾಹನ್ ಜಾಲತಾಣದಲ್ಲಿ ನೋಡಿಕೊಳ್ಳಿ.

ತಪಾಸಣೆ ಮಾಡುವವರು ಮೋಟಾರು ವಾಹನ ನಿರೀಕ್ಷಕರು. ನಮ್ಮ ಹಿರಿಯರು ಅವರನ್ನು ಇವತ್ತಿಗೂ ಬ್ರೇಕ್ ಇನ್‌ಸ್ಪೆಕ್ಟರ್ ಅಂತಾರೆ. ಎಷ್ಟು ಸರಿಯಾದ ಹೆಸರು! ಅವರು ಚಾಸಿ ನಂಬರ್, ಇಂಜಿನ್ ನಂಬರ್ ಆರ್‌ಸಿಗೆ ತಾಳೆ ಆಗುತ್ತದೆಯೇ ನೋಡುತ್ತಾರೆ. ಹೆಡ್‌ಲೈಟ್, ಇಂಡಿಕೇಟರ್, ಬ್ರೇಕ್ ಲೈಟ್, ಹಾರ್ನ್, ವೈಪರ್, ಕನ್ನಡಿ, ಸೀಟ್ ಬೆಲ್ಟ್, ಸ್ಟೇರಿಂಗಿನ ಸಡಿಲ, ಟಯರು, ಸೈಲೆನ್ಸರ್, ಬಾಡಿಯ ಸ್ಥಿತಿ ಎಲ್ಲ ನೋಡಬೇಕು. ಕಾರು, ಲಾರಿಯ ಟಯರಿನ ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಟಯರಿನ ಗೀರುಗಳ ನಡುವೆ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದೆ, ರಬ್ಬರು ಸವೆದು ಅದರ ಮಟ್ಟಕ್ಕೆ ಬಂತು ಅಂದರೆ ಟಯರು ಮುಗಿಯಿತು. ಮಳೆಯಲ್ಲಿ ಟಯರಿನ ಅಡಿಯ ನೀರು ಹೊರಹೋಗುವುದು ಈ ಗೀರುಗಳ ಮೂಲಕವೇ. ವರ್ಷಕ್ಕೆ 3,000 ಮಿ.ಮೀ. ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ನಾನು ಅಷ್ಟು ಸವೆಯುವವರೆಗೆ ಕಾಯುವುದಿಲ್ಲ. ಸಾರಿಗೆ ವಾಹನಗಳಿಗೆ ಇವುಗಳ ಜೊತೆ ಹಿಂದೆ ಮುಂದೆ ಹೊಳೆಯುವ ಪಟ್ಟಿ ಬೇಕು, ಲಾರಿ, ಬಸ್ಸಿನಂಥವಕ್ಕೆ ವೇಗ ನಿಯಂತ್ರಕವೂ ಬೇಕು. ವೇಗ ನಿಯಂತ್ರಕ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ.ಗೆ, ಶಾಲಾ ಬಸ್ಸಿಗೆ 60ಕ್ಕೆ.

ಇದೆಲ್ಲವನ್ನೂ ಕಣ್ಣಿನಿಂದ, ಕೈಯಿಂದ ನೋಡುವ ಬದಲು ಯಂತ್ರದಿಂದ ಅಳೆಯಬೇಕು ಎಂದು 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸ್ವಯಂಚಾಲಿತ ತಪಾಸಣಾ ಕೇಂದ್ರಗಳಿಗೆ ನಿಯಮ ತಂದಿತು. ಅಲ್ಲಿ ಚಕ್ರಗಳನ್ನು ಉರುಳೆಗಳ ಮೇಲೆ ನಿಲ್ಲಿಸಿ ತಿರುಗಿಸುತ್ತಾರೆ, ಬ್ರೇಕ್ ಒತ್ತಿದಾಗ ಒಂದೊಂದು ಚಕ್ರ ಎಷ್ಟು ಬಲವಾಗಿ ಹಿಡಿಯಿತು ಎಂದು ಯಂತ್ರವೇ ಹೇಳುತ್ತದೆ. ಎಡ ಚಕ್ರ ಗಟ್ಟಿ ಹಿಡಿದು ಬಲದ್ದು ಸಡಿಲ ಬಿಟ್ಟರೆ ಒದ್ದೆ ರಸ್ತೆಯಲ್ಲಿ ಗಾಡಿ ತಿರುಗಿ ನಿಲ್ಲುತ್ತದೆ. ಬರೀ ಓಡಿಸಿ ನೋಡಿದರೆ ಇದು ಗೊತ್ತಾಗುವುದು ಕಷ್ಟ. ಹಾಗಾಗಿ ಯಂತ್ರ ಬರಲಿ ಎಂದೇ ನಾನು ಹೇಳುತ್ತೇನೆ.

ಆದರೆ ಯಂತ್ರವೂ ನೋಡುವುದು ಒಂದು ದಿನದ, ಒಂದು ಗಳಿಗೆಯ ಸ್ಥಿತಿಯನ್ನು. ಅದೂ ಸಮತಟ್ಟು ನೆಲದ ಮೇಲೆ, ತಣ್ಣಗಿನ ಬ್ರೇಕಿನಲ್ಲಿ. ನಮ್ಮ ಜಿಲ್ಲೆಯಲ್ಲಿ ಗಾಡಿಯ ನಿಜವಾದ ಪರೀಕ್ಷೆ ನಡೆಯುವುದು ಕರಾವಳಿಯಿಂದ ಮೇಲೆ ಹತ್ತುವ ದೇವಿಮನೆ, ಅರಬೈಲ್ ಘಟ್ಟಗಳಲ್ಲಿ.

ಒಂದು ಲೆಕ್ಕ ಮಾಡಿ ನೋಡಿ. ನನ್ನ ಹತ್ತನೆಯ ತರಗತಿಯ ಮಕ್ಕಳಿಗೂ ಇದೇ ಲೆಕ್ಕ ಕೊಟ್ಟಿದ್ದೆ. ಜನ, ಸಾಮಾನು ಸೇರಿ 1,500 ಕಿಲೋ ತೂಕದ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿಯುತ್ತದೆ. ತೂಕ, ಗುರುತ್ವ, ಎತ್ತರ ಗುಣಿಸಿದರೆ ಸುಮಾರು 73 ಲಕ್ಷ ಜೂಲ್. ವೇಗ ಏರಬಾರದು ಅಂದರೆ ಇಷ್ಟೂ ಶಕ್ತಿ ಎಲ್ಲಿಯಾದರೂ ಹೋಗಲೇಬೇಕು. ಬರೀ ಬ್ರೇಕಿಗೆ ಹೋದರೆ, ಅದು 20 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸುವಷ್ಟು ಬಿಸಿ. 16 ಟನ್ನಿನ ಲಾರಿಯಾದರೆ ಸುಮಾರು 250 ಲೀಟರ್, ನಾಲ್ಕೈದು ಬಚ್ಚಲ ಹಂಡೆ ನೀರು. ಹಂಡೆ ನೀರು ಕಾಯಲು ಎಷ್ಟು ಸೌದೆ ಬೇಕು ಎಂದು ಶಿರಸಿ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಅಷ್ಟೂ ಬಿಸಿ ಬ್ರೇಕ್ ಒತ್ತಿದಾಗ ಉಜ್ಜಿ ಹಿಡಿಯುವ ಕೈಯಗಲದ ಪಟ್ಟಿಗಳ, ಅಂದರೆ ಲೈನರ್‌ಗಳ ಮೇಲೆ ಬೀಳುತ್ತದೆ.

ಲೈನರ್ ಅತಿಯಾಗಿ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ಕಾರಿನಲ್ಲಿ ಇನ್ನೊಂದು ಅಪಾಯ ಇದೆ, ಅದು ಬ್ರೇಕ್ ಆಯಿಲ್. ಬ್ರೇಕ್ ಪೆಡಲ್ ಒತ್ತಿದ ಬಲವನ್ನು ಚಕ್ರಕ್ಕೆ ಮುಟ್ಟಿಸುವುದು ಈ ಆಯಿಲ್. ದ್ರವವನ್ನು ಒತ್ತಿ ಸಣ್ಣದು ಮಾಡಲಾಗುವುದಿಲ್ಲ, ಹಾಗಾಗಿ ಬಲ ಪೂರ್ತಿ ಮುಟ್ಟುತ್ತದೆ. ಆದರೆ ಈ ಆಯಿಲಿಗೆ ಗಾಳಿಯಲ್ಲಿನ ತೇವ ಹೀರುವ ಗುಣ ಇದೆ, ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವ ಹಾಗೆ. ಡಾಟ್-3 ದರ್ಜೆಯ ಹೊಸ ಆಯಿಲ್ ಕುದಿಯಲು ಕಡಿಮೆಯೆಂದರೂ 205 ಡಿಗ್ರಿ ಬೇಕು. ತೇವ ಹೀರಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್-4ಕ್ಕೆ 230 ಮತ್ತು 155. ಘಟ್ಟದಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ಆವಿಯನ್ನು ಒತ್ತಬಹುದು. ಆಗ ಪೆಡಲ್ ಸೀದಾ ಕೆಳಗೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಕೆಳಗೆ ಬಂದು ಅರ್ಧ ಗಂಟೆ ತಣಿದ ಮೇಲೆ ನೋಡಿದರೆ ಬ್ರೇಕ್ ಮತ್ತೆ ಸರಿ ಇರುತ್ತದೆ. ಆರ್‌ಟಿಒ ಮೈದಾನದಲ್ಲಿಯೂ ಸರಿಯೇ ಇರುತ್ತದೆ. ಹಾಗಾಗಿ ಎಫ್‌ಸಿಯಲ್ಲಿ ಪಾಸಾದ ಬ್ರೇಕೂ ಘಟ್ಟದಲ್ಲಿ ಕೈಕೊಡಬಹುದು.

ಇದಕ್ಕೆ ಮದ್ದು ದುಬಾರಿಯೇನಲ್ಲ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ಕಡಿಮೆಯಾದಷ್ಟು ಮೇಲೆ ಸುರಿದರೆ ಸಾಲದು. ಘಟ್ಟ ಹತ್ತಿದ ಗೇರಿನಲ್ಲೇ ಇಳಿಯಿರಿ, ಅರ್ಧ ಭಾರವನ್ನು ಇಂಜಿನ್ ಹೊರಲಿ. ಎಣ್ಣೆ ಉಳಿಯುತ್ತದೆ ಎಂದು ನ್ಯೂಟ್ರಲ್‌ನಲ್ಲಿ ಇಳಿಸುವವರನ್ನು ನಾನು ಬಹಳ ನೋಡಿದ್ದೇನೆ. ಈಗಿನ ಇಂಜಿನ್‌ಗಳು ಗೇರಿನಲ್ಲಿ ಇಳಿಯುವಾಗ ಎಣ್ಣೆ ಕಳಿಸುವುದನ್ನೇ ನಿಲ್ಲಿಸುತ್ತವೆ. ಉಳಿತಾಯವೂ ಅಲ್ಲೇ ಇದೆ.

ಇನ್ನು ಉಪ್ಪು. ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಆಮ್ಲಜನಕ ಸಾಕು. ಉಪ್ಪು ಸೇರಿದರೆ ಆ ಕೆಲಸ ಬಹಳ ವೇಗವಾಗಿ ನಡೆಯುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಲೋಹವನ್ನು ಸದಾ ಒದ್ದೆ ಇಡುತ್ತದೆ. ಮೀನಿನ ಲಾರಿಗಳಿಂದ ಹೆದ್ದಾರಿ 66ರ ಮೇಲೆ ಸುರಿಯುವ ಉಪ್ಪುನೀರು ಹಿಂದೆ ಬರುವ ಗಾಡಿಗಳ ಹೊಟ್ಟೆಗೆ ಸಿಡಿಯುತ್ತದೆ. ಆ ಲಾರಿಗಳ ಚಾಸಿಯಂತೂ ವರ್ಷವಿಡೀ ಅದರಲ್ಲೇ ನೆನೆಯುತ್ತದೆ. ತುಕ್ಕು ಹೊರಗಿನ ಬಣ್ಣದಿಂದ ಶುರುವಾಗುವುದಿಲ್ಲ. ಬಾಗಿಲಿನ ಕೆಳಗಿನ ಪಟ್ಟಿ, ಜಾಕ್ ಹಾಕುವ ಜಾಗ, ಬ್ರೇಕ್ ಪೈಪು, ಸಸ್ಪೆನ್ಷನ್ ಕೂರುವ ಕಡೆ, ಇಂಥ ಕಣ್ಣಿಗೆ ಬೀಳದ ಕಡೆ ಒಳಗಿನಿಂದ ತಿನ್ನುತ್ತ ಬರುತ್ತದೆ.

ನಮ್ಮ ಮೆಕ್ಯಾನಿಕ್ ಕಾರನ್ನು ಎತ್ತಿ, ಟಾರ್ಚ್ ಹಾಕಿ, "ಅಕ್ಕೋರೇ, ಇಲ್ಲಿ ಬನ್ನಿ" ಎಂದು ಕರೆದರು. ಎಡಗಡೆ ಬಾಗಿಲಿನ ಕೆಳಗೆ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ಒತ್ತಿದರು. ಅದು ಹಪ್ಪಳದೊಳಗೆ ಹೋದ ಹಾಗೆ ಒಳಗೆ ಹೋಯಿತು. ಹೊರಗಿನಿಂದ ಅಲ್ಲಿ ಬಣ್ಣ ಸ್ವಲ್ಪ ಉಬ್ಬಿತ್ತು ಅಷ್ಟೇ. "ಪಕ್ಕದಿಂದ ಯಾರಾದರೂ ಗುದ್ದಿದರೆ ತಡೆಯೋದು ಇದೇ ಪಟ್ಟಿ" ಎಂದರು. ಈ ಕಾರಿನಲ್ಲಿ ನನ್ನ ಮಗಳು ಕೂರುವುದು ಎಡಗಡೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬ್ರಿಟನ್ನಿನಲ್ಲಿ ಸ್ವಂತ ಕಾರಿಗೂ ಮೂರು ವರ್ಷ ಆದ ಮೇಲೆ ಪ್ರತಿ ವರ್ಷ ತಪಾಸಣೆ ಇದೆ. ಜಪಾನಿನಲ್ಲಿ ಮೊದಲು ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಅಲ್ಲಿ ತುಕ್ಕನ್ನೂ ನೋಡುತ್ತಾರೆ. ನಮ್ಮಲ್ಲಿ ಸ್ವಂತ ಕಾರಿನ ಅಡಿಯನ್ನು 15 ವರ್ಷ ಯಾರೂ ನೋಡಬೇಕಾಗಿಲ್ಲ. ಒಣ ಊರಿನಲ್ಲಿ ಇದು ನಡೆಯಬಹುದೇನೋ. ಕಾರವಾರ, ಭಟ್ಕಳದಂಥ ಕಡೆ 15 ವರ್ಷ ತುಂಬಾ ಜಾಸ್ತಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಡೇ ಪಕ್ಷ ಎಂಟನೇ ವರ್ಷಕ್ಕಾದರೂ ಒಮ್ಮೆ ತಪಾಸಣೆ ಬೇಕು. ಕಾನೂನು ಬದಲಾಗುವವರೆಗೆ ಆ ಕೆಲಸ ನಾವೇ ಮಾಡಿಸಿಕೊಳ್ಳಬೇಕು. ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ಟಯರು, ವೈಪರ್ ರಬ್ಬರು, ಬ್ರೇಕ್ ಪ್ಯಾಡ್, ಲೈಟು ನೋಡಿಸುತ್ತೇನೆ. ದೀಪಾವಳಿ ಹೊತ್ತಿಗೆ ಮಳೆ ನಿಂತ ಮೇಲೆ ಗಾಡಿಯನ್ನು ಎತ್ತಿಸಿ ಅಡಿಯನ್ನೆಲ್ಲ ಸಿಹಿನೀರಿನಲ್ಲಿ ತೊಳೆಸಿ, ಒಣಗಿದ ಮೇಲೆ ತುಕ್ಕು ತಡೆಯುವ ಲೇಪ ಹೊಡೆಸುತ್ತೇನೆ. ಒದ್ದೆ ಇರುವಾಗಲೇ ಲೇಪ ಹೊಡೆದರೆ ತೇವ ಒಳಗೇ ಉಳಿದು ಇನ್ನೂ ಹೆಚ್ಚು ತಿನ್ನುತ್ತದೆ, ಇದನ್ನು ನೆನಪಿಡಿ.

ಬಿಎಸ್-6 ಡೀಸೆಲ್ ಕಾರು ಇಟ್ಟುಕೊಂಡವರಿಗೆ ಒಂದು ಸೂಚನೆ. ಅದರ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಹಿಡಿದ ಮಸಿಯನ್ನು ಅದು ಸುಮಾರು 600 ಡಿಗ್ರಿ ಬಿಸಿಯಲ್ಲಿ ಸುಟ್ಟು ತನ್ನನ್ನು ತಾನೇ ಖಾಲಿ ಮಾಡಿಕೊಳ್ಳುತ್ತದೆ. ಕಾರವಾರ ಪೇಟೆಯೊಳಗೆ ಮಾರ್ಕೆಟ್, ಶಾಲೆ ಅಂತ ಎರಡೆರಡು ಕಿಲೋಮೀಟರ್ ಓಡಿಸುತ್ತಿದ್ದರೆ ಅಷ್ಟು ಬಿಸಿ ಬರುವುದಿಲ್ಲ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಆಗಾಗ ಅಂಕೋಲಾ, ಕುಮಟಾವರೆಗೆ ಹೆದ್ದಾರಿಯಲ್ಲಿ ಓಡಿಸಿ ಬನ್ನಿ. ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಉರಿಯಿತೆಂದು ಫಿಲ್ಟರನ್ನೇ ಕಿತ್ತು ಹಾಕಿಸುವವರಿದ್ದಾರೆ. ಅದು ಕಾನೂನಿಗೂ ವಿರುದ್ಧ, ಹಿಂದೆ ಬರುವವರ ಶ್ವಾಸಕೋಶಕ್ಕೂ ಅನ್ಯಾಯ.

ನಮ್ಮ ಕಾರಿನ ತುಕ್ಕು ತಿಂದ ಪಟ್ಟಿಯನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆವು. ಬ್ರೇಕ್ ಆಯಿಲ್ ತೆಗೆದಾಗ ಕಡು ಚಹಾದ ಬಣ್ಣ ಇತ್ತು. ಹೊಸದು ತೆಳು ಜೇನಿನ ಬಣ್ಣ. ಎರಡನ್ನೂ ಸಣ್ಣ ಬಾಟಲಿಗಳಲ್ಲಿ ಹಾಕಿಸಿಕೊಂಡು ತರಗತಿಗೆ ಒಯ್ದು ತೋರಿಸಿದೆ. ಅಕ್ಟೋಬರಿನಲ್ಲಿ ಘಟ್ಟ ಹತ್ತಿ ಶಿರಸಿಯ ಆರ್‌ಟಿಒ ಕಚೇರಿಗೆ ಹೋದೆವು. ಅಪ್ಪನೂ ಬಂದಿದ್ದರು, ಆರ್‌ಸಿ ಅವರ ಹೆಸರಿನಲ್ಲಿದೆ. ನಿರೀಕ್ಷಕರು ಬಾನೆಟ್ ಎತ್ತಿಸಿ ನಂಬರ್ ನೋಡಿದರು, ಲೈಟು ಹಾಕಿಸಿದರು, ಓಡಿಸಿ ಬ್ರೇಕ್ ಹಾಕಿಸಿದರು. ಬಗ್ಗಿ ಬಾಗಿಲಿನ ಕೆಳಗಿನ ಹೊಸ ವೆಲ್ಡಿಂಗನ್ನು ಕೈಯಿಂದ ಸವರಿ ನೋಡಿ, "ಇದು ಯಾವಾಗ ಮಾಡಿಸಿದ್ದು ಮಾಸ್ತರ್ರೇ?" ಎಂದು ಅಪ್ಪನನ್ನು ಕೇಳಿದರು. ಅಪ್ಪ ನನ್ನ ಕಡೆ ಕೈ ತೋರಿಸಿದರು.

ಹೊಸ ಆರ್‌ಸಿಯಲ್ಲಿ ನವೆಂಬರ್ 2029 ಎಂದಿದೆ. ಕಾರಿನ ಡ್ಯಾಶ್‌ಬೋರ್ಡ್ ಡಬ್ಬಿಯ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ. ಆರು ತಿಂಗಳಿಗೊಮ್ಮೆ ಬರುವ ಹೊಗೆ ಪರೀಕ್ಷೆಯ ತಾರೀಕು, ವಿಮೆಯ ತಾರೀಕು, ಅದರ ಕೆಳಗೆ "ಬ್ರೇಕ್ ಆಯಿಲ್: ಸೆಪ್ಟೆಂಬರ್ 2026".